ನಿಲಂಗಾಕ್ಕೊಬ್ಬ ಗವರ್ನರ

ನಿಲಂಗಾ
ಪರಿಧಾವಿ ಸಂವತ್ಸರ, ಶ್ರಾವಣ ಶುದ್ಧ ದಶಮಿ, ಇಸವಿ ೧೯೧೨

ಸೌಭಾಗ್ಯವತಿ ಕಸ್ತೂರಬಾಯಿಗೆ ಮಾಣಿಕಪ್ಪನ ಆಶೀರ್ವಾದಗಳು.

ನಾನು ಸುಖವಾಗಿ ನಿಲಂಗಾ ಮುಟ್ಟಿದೆ. ಎತ್ತುಗಳೂ ಸುಖ. ಈ ಪತ್ರ ಓದುವ ಮೊದಲು ತಲೆಯ ಮೇಲೆ ಸೆರಗು ಹೊದ್ದುಕೋ. ಯಾಕೆಂದರೆ ಇದನ್ನು ಬರೆಯುತ್ತಿರುವವನು ಬರೀ ನಿನ್ನ ಗಂಡನಲ್ಲ, ನಿಲಂಗಾ ಪ್ರಾಂತದ ಗವರ್ನರ.

ಕಚೇರಿಯಿಂದ ಕರೆ ಬಂದ ದಿನ ನೀನು ಅತ್ತದ್ದೆಲ್ಲ ದಂಡವಾಯಿತು. ನನ್ನನ್ನು ಕರೆಸಿದ್ದು ಹಿಡಿದು ಕೂಡಿಹಾಕಲಿಕ್ಕಲ್ಲ. ನಮ್ಮ ಜಾಗೀರಿನ ಚಿಕ್ಕ ನವಾಬರು ಕುದುರೆ ಕೊಳ್ಳಲು ಹಡಗು ಹತ್ತಿ ಆಸ್ಟ್ರೇಲಿಯಾ ಎಂಬ ದೇಶಕ್ಕೆ ಹೋಗಿದ್ದರಲ್ಲ, ಅಲ್ಲಿಂದ ಕುದುರೆಗಳ ಜೊತೆಗೆ ಒಂದು ಹೊಸ ವಿಚಾರವನ್ನೂ ತಂದಿದ್ದಾರೆ. ಆ ದೇಶದ ರಾಜ ಇರುವುದು ಇಂಗ್ಲೆಂಡಿನಲ್ಲಂತೆ. ಆರು ಪ್ರಾಂತಗಳು ಕೂಡಿ ಅಲ್ಲಿ ಒಂದು ದೇಶವಾಗಿವೆ. ಒಂದೊಂದು ಪ್ರಾಂತಕ್ಕೂ ರಾಜನ ಬದಲಿಗೆ ಒಬ್ಬ ಗವರ್ನರ. ಅವನು ಬಂದರೆ ಎಲ್ಲರೂ ಎದ್ದು ನಿಲ್ಲಬೇಕು. ಅವನ ಮೊಹರಿಲ್ಲದೆ ಯಾವ ಹುಕುಮೂ ನಡೆಯುವುದಿಲ್ಲ. ನಮ್ಮ ನವಾಬರೂ ಇರುವುದು ಹೈದರಾಬಾದಿನಲ್ಲಿ, ಊರುಗಳಿರುವುದು ಇಲ್ಲಿ. ಆದ್ದರಿಂದ ನಿಜಾಮ ಸರ್ಕಾರ ತಮ್ಮ ಅಜ್ಜನಿಗೆ ಬಿಟ್ಟುಕೊಟ್ಟ ಹಳ್ಳಿಗಳನ್ನೆಲ್ಲ ಉಮರ್ಗಾ, ನಿಲಂಗಾ, ಉದಗೀರ ಎಂದು ಮೂರು ಪ್ರಾಂತ ಮಾಡಿ ಮೂವರು ಗವರ್ನರರನ್ನು ನೇಮಿಸಿದ್ದಾರೆ. ಗವರ್ನರನಾದವನು ದೂರದಿಂದ ಬಂದವನಾಗಿರಬೇಕೆಂಬುದು ಆ ದೇಶದ ರೂಢಿಯಂತೆ. ಹಾಗಾಗಿ ದಾಳಿಂಬದ ನಾನು ನಿಲಂಗಾಕ್ಕೆ, ಉದಗೀರದ ಮನ್ಮಥಪ್ಪ ನಮ್ಮ ಉಮರ್ಗಾಕ್ಕೆ.

ನನ್ನನ್ನೇ ಯಾಕೆ ಆರಿಸಿದರೆಂದು ಪೇಶಕಾರ ದಿಗಂಬರರಾಯರನ್ನು ಕೇಳಿದೆ. ಇಲ್ಲಿಯ ಕಚೇರಿಯ ಕಾರಭಾರವೆಲ್ಲ ಇವರದೇ, ಬಹಳ ಸಜ್ಜನರು. "ಹುಜೂರ, ನಿಮ್ಮ ಎತ್ತರ ನೋಡೀವಿ, ನಿಮ್ಮ ಮೀಸಿ ನೋಡೀವಿ. ಮತ್ತ ನೀವು ಇವತ್ತಿನ ತನಾ ಯಾರಿಗೂ ಇಲ್ಲ ಅಂದವರಲ್ಲಂತ ಕೇಳೀವಿ" ಎಂದರು. ಮೀಸೆಯ ಬಗ್ಗೆ ನೀನು ಇಷ್ಟು ವರ್ಷ ಆಡಿದ ಮಾತುಗಳನ್ನು ಇನ್ನು ವಾಪಸು ತೆಗೆದುಕೊಳ್ಳಬಹುದು.

ನನಗೊಂದು ದೊಡ್ಡ ಕುರ್ಚಿ ಇದೆ. ತಲೆಗೆ ಬಿಳಿ ಗರಿಗಳ ಟೋಪಿ. ಚೋಪದಾರ ವೈಜಿನಾಥ ಬೆಳ್ಳಿಯ ಕೋಲು ನೆಲಕ್ಕೆ ಬಡಿದು ಕೂಗಿದ ಮೇಲೆಯೇ ನಾನು ಒಳಗೆ ಹೋಗುವುದು. ನಾನು ಕೂತ ಮೇಲೆ ಎಲ್ಲರೂ ಕೂರಬೇಕು, ನಾನು ಏಳುವ ತನಕ ಯಾರೂ ಏಳುವಂತಿಲ್ಲ. ಮನೆಯಲ್ಲಿ ನಾನು ಏಳು ಎಂದರೆ ಬೆಕ್ಕೂ ಏಳುತ್ತಿರಲಿಲ್ಲ. ಬಂಡಮ್ಮನಿಗೆ ನನ್ನ ಮುತ್ತು. ಅಪ್ಪ ಗವರ್ನರನಾದನೆಂದು ಹೇಳು.

ಮಾಣಿಕಪ್ಪ, ಗವರ್ನರ


ದಾಳಿಂಬ
ಶ್ರಾವಣ ಬಹುಳ ತದಿಗೆ

ಯಜಮಾನರ ಪಾದಗಳಿಗೆ ಕಸ್ತೂರಬಾಯಿಯ ಶರಣು.

ಪತ್ರ ಮುಟ್ಟಿತು. ಸೆರಗು ಹೊದ್ದುಕೊಂಡೇ ಓದಿದೆ. ಆಮೇಲೆ ಬಾವಿಕಟ್ಟೆಯಲ್ಲಿ ಇನ್ನೊಮ್ಮೆ ಓದಿದೆ, ಸ್ವಲ್ಪ ಗಟ್ಟಿಯಾಗಿ. ಪಕ್ಕದ ಮನೆಯ ರಂಭಾಬಾಯಿ ತುಂಬಿದ ಕೊಡ ಅಲ್ಲೇ ಬಿಟ್ಟು ಮನೆಗೆ ಹೋದಳು. ಅವಳ ಗಂಡ ಪೊಲೀಸ ಪಾಟೀಲನಾದಾಗ ಅವಳು ನನಗೆ ಒಂದು ವರ್ಷ ಮುಖ ಕೊಟ್ಟು ಮಾತಾಡಿರಲಿಲ್ಲ, ನಿಮಗೆ ನೆನಪಿರಬೇಕು. ಅದರ ಲೆಕ್ಕ ಈಗ ತೀರಿತು.

ಮೀಸೆಯ ಬಗ್ಗೆ ನಾನಾಡಿದ ಮಾತು ಮಾತ್ರ ಹಾಗೇ ಇರಲಿ.

ಒಂದು ಮಾತು ಕೇಳಬೇಕು. ಗರಿ ಗರಿ ಎಂದಿದ್ದೀರಿ, ಯಾವ ಹಕ್ಕಿಯ ಗರಿ? ಕೊರಳಲ್ಲಿ ಲಿಂಗ ಕಟ್ಟಿದವರು ಕಂಡಕಂಡ ಹಕ್ಕಿಯ ಬಾಲವನ್ನು ತಲೆಯ ಮೇಲೆ ಇಟ್ಟುಕೊಂಡರೆ ಮಠದ ಅಯ್ಯನವರಿಗೆ ನಾನು ಏನು ಹೇಳಲಿ?

ಈಗ ಮುಖ್ಯ ವಿಷಯ. ಬಾಳಮ್ಮ ಬಂದಿದ್ದಳು. ಔರಾದ ಶಹಾಜನಿಯ ಆಚೆ ಬೀರಪ್ಪನ ಕುರಣ ಇದೆಯಲ್ಲ, ಅವಳ ಮಾವನ ಅಪ್ಪನ ಕಾಲದಿಂದ ಮಳೆಗಾಲಕ್ಕೆ ಅವರ ಕುರಿ ಮೇಯುವ ಹುಲ್ಲುಗಾವಲು, ಅದನ್ನು ನವಾಬರ ಹೊಸ ಕುದುರೆಗಳಿಗೆ ತೆಗೆದುಕೊಳ್ಳುತ್ತಾರೆಂದು ಸುದ್ದಿಯಂತೆ. ಕುರಣ ಹೋದರೆ ಕುರಿ ಮಾರಬೇಕು. ಕುರಿ ಮಾರಿದ ಮೇಲೆ ಆಕೆ, ಆಕೆಯ ಗಂಡ ಬಕ್ಕಪ್ಪ, ಮಕ್ಕಳು ಯಾರ ಹೊಲದಲ್ಲಿ ಕೂಲಿಗೆ ನಿಲ್ಲಬೇಕು?

ನಮ್ಮ ಬಂಡಮ್ಮ ಹುಟ್ಟಿದಾಗ ನಾನು ಜ್ವರ ಬಂದು ಎಚ್ಚರವಿಲ್ಲದೆ ಬಿದ್ದಿದ್ದೆ. ಕೂಸಿಗೆ ಎದೆಹಾಲು ಕೊಟ್ಟು ಉಳಿಸಿದವಳು ಬಾಳಮ್ಮ. ಊರಿನವರು ಗುಸುಗುಸು ಮಾಡಿದಾಗ ನಿಮ್ಮ ಅವ್ವ "ಜಾತಿ ಆಮ್ಯಾಗ ನೋಡೋಣು, ಮೊದಲ ಕೂಸ ಉಳೀಲಿ" ಅಂದಿದ್ದರು. ಹಾಗಾಗಿ ನಾನು ಬಾಳಮ್ಮನ ಕೈ ಹಿಡಿದು "ಚಿಂತಿ ಮಾಡಬ್ಯಾಡವ್ವ, ಕುರಣ ಎಲ್ಲಿಗೂ ಹೋಗಂಗಿಲ್ಲ. ಅಲ್ಲಿ ನಮ್ಮವರೇ ಗೌನ್ರ ಆಗ್ಯಾರ" ಎಂದು ಮಾತು ಕೊಟ್ಟೆ. ಬಾವಿಯ ಹತ್ತಿರ ಊರೆಲ್ಲ ಇತ್ತು. ಎಲ್ಲರೂ ಕೇಳಿಸಿಕೊಂಡಿದ್ದಾರೆ. ನನ್ನ ಮಾತೆಂದರೆ ನಿಮ್ಮ ಮಾತೇ ಅಲ್ಲವೇ? ಬೇಗ ಒಂದು ಹುಕುಮು ಮಾಡಿಬಿಡಿ.

ಕಸ್ತೂರಬಾಯಿ


ನಿಲಂಗಾ
ಭಾದ್ರಪದ ಶುದ್ಧ ಬಿದಿಗೆ

ಸೌಭಾಗ್ಯವತಿ ಕಸ್ತೂರಬಾಯಿಗೆ,

ಗರಿಗಳ ಬಗ್ಗೆ ಅಯ್ಯನವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅವು ಹೆಚ್ಚು ದೂರ ಹಾರಲಾರದ ಒಂದು ಪಕ್ಷಿಯವು ಎಂದು ಚೋಪದಾರ ಹೇಳಿದ್ದಾನೆ. ಪರದೇಶದಲ್ಲಿ ಅಂಥ ಪಕ್ಷಿ ಇರುವುದು ನವಾಬರಿಗೂ ಗೊತ್ತಂತೆ.

ನಿನ್ನ ಗಂಡನ ದರ್ಜೆ ಎಂಥದೆಂದು ತಿಳಿಯಲು ಒಂದು ಪ್ರಸಂಗ ಬರೆಯುತ್ತೇನೆ. ಮೊನ್ನೆ ನನ್ನ ಸ್ವಾಗತಕ್ಕೆ ಔತಣವಿತ್ತು. ದೇಶಮುಖರು, ಸಾಹುಕಾರರು ಎಲ್ಲ ಬಂದಿದ್ದರು. ನನ್ನ ಊಟ ನಿನಗೆ ಗೊತ್ತೇ ಇದೆ. ತಲೆ ತಗ್ಗಿಸಿ ಉಂಡೆ, ನೀರು ಕುಡಿದೆ, ಎದ್ದೆ. ನಾನು ಎದ್ದ ಕೂಡಲೇ ರಾಯರ ಕಣ್ಸನ್ನೆಗೆ ವೈಜಿನಾಥ ಕೋಲು ಬಡಿದ. ಸಾಲಿಗೆ ಸಾಲೇ ಎದ್ದು ನಿಂತಿತು. ಜಿಲೇಬಿ ಆಗಷ್ಟೇ ಎಲೆಗೆ ಬಿದ್ದಿತ್ತು. ಒಬ್ಬ ಮುದುಕ ದೇಶಮುಖರು ಕೈಯಲ್ಲಿದ್ದ ಜಿಲೇಬಿಯನ್ನು ಎಲೆಗೆ ವಾಪಸು ಹಾಕುವಾಗ ನನ್ನನ್ನು ನೋಡಿದ ನೋಟ ನಾನು ಮರೆಯಲಾರೆ. ಗವರ್ನರ ಎದ್ದ ಮೇಲೆ ಉಣ್ಣುವಂತಿಲ್ಲ, ಕೂತಿರುವಾಗ ಏಳುವಂತಿಲ್ಲ. ಅಷ್ಟು ಖಡಕ್ಕು.

ಅಂದಿನಿಂದ ದಿಗಂಬರರಾಯರು ಒಂದು ವ್ಯವಸ್ಥೆ ಮಾಡಿದ್ದಾರೆ. "ಹುಜೂರ, ನಾ ಕೆಮ್ಮಿದ ಮ್ಯಾಲ ಏಳ್ರಿ, ಅದರ ಮೊದಲ ಬ್ಯಾಡ" ಎಂದಿದ್ದಾರೆ. ಸಮಯ ನೋಡಿ ಮೆಲ್ಲಗೆ ಕೆಮ್ಮುತ್ತಾರೆ, ನಾನು ಏಳುತ್ತೇನೆ. ಇಷ್ಟು ನಿಷ್ಠೆಯ ನೌಕರರು ಯಾರಿಗೆ ಸಿಗುತ್ತಾರೆ ಹೇಳು.

ಕುರಣದ ವಿಷಯ ನನ್ನ ಗಮನದಲ್ಲಿದೆ. ಗವರ್ನರನಿಗೆ ಮೂರು ಹಕ್ಕುಗಳುಂಟೆಂದು ನವಾಬರು ತಿಳಿಸಿದ್ದಾರೆ. ಕೇಳಬಹುದು, ಬೆನ್ನು ತಟ್ಟಬಹುದು, ಎಚ್ಚರ ಹೇಳಬಹುದು. ಮೊದಲನೆಯ ಹಕ್ಕನ್ನು ಕೂಡಲೇ ಚಲಾಯಿಸಿದೆ. "ಕುರಣದ್ದು ಏನಾತು?" ಎಂದು ರಾಯರನ್ನು ಕೇಳಿದೆ. "ಕೇಳಿದ್ರಲ್ಲ ಹುಜೂರ, ಛಲೋ ಆತು" ಎಂದರು. ಬಾವಿಯ ಹತ್ತಿರ ಅಷ್ಟು ಗಟ್ಟಿಯಾಗಿ ಹೇಳದಿದ್ದರೂ ನಡೆಯುತ್ತಿತ್ತು.

ಮಾಣಿಕಪ್ಪ


ದಾಳಿಂಬ
ಭಾದ್ರಪದ ಶುದ್ಧ ಪೌರ್ಣಮಿ

ಯಜಮಾನರಿಗೆ ಶರಣು.

ನೀವು ಕೇಳಿದ್ದೇ ಸಾಕು, ಅವರ ಎದೆ ನಡುಗಿರಬೇಕು. ಬಾಳಮ್ಮನಿಗೆ ಹೇಳಿದೆ. ಆಕೆ ಸಂತೆಗೆ ಹೊಡೆಯಬೇಕೆಂದಿದ್ದ ಕುರಿಗಳನ್ನು ವಾಪಸು ದೊಡ್ಡಿಗೆ ಹೊಡೆದಳು. ಮನೆಗೆ ಈಗ ಬರುವವರು ಹೋಗುವವರು ಬಹಳ. ಒಬ್ಬರು ಬದನೆಕಾಯಿ ತರುತ್ತಾರೆ, ಒಬ್ಬರು ತುಪ್ಪ. ತುಪ್ಪ ವಾಪಸು ಕಳಿಸಿದೆ. ಬದನೆಕಾಯಿ ಕೆಟ್ಟುಹೋಗುತ್ತದೆಂದು ಇಟ್ಟುಕೊಂಡೆ.

ನಮ್ಮ ಉಮರ್ಗಾದ ಗವರ್ನರ ಮನ್ಮಥಪ್ಪನವರು ಊರಿಗೆ ಬಂದಿದ್ದರು, ದನಗಳಿಗೆ ನೀರು ಕುಡಿಯಲು ಕಟ್ಟಿದ ಹೊಸ ಬಾನಿಯನ್ನು ತೆರೆಯಲಿಕ್ಕೆ. ಬಾನಿಗೆ ಏನು ತೆರೆಯುವುದು? ಅದಕ್ಕೆ ಸುತ್ತ ಕೆಂಪು ಪಟ್ಟಿ ಕಟ್ಟಿ, ಅವರ ಕೈಗೆ ಕತ್ತರಿ ಕೊಟ್ಟಿದ್ದರು. ಉಮರ್ಗಾದ ಪೇಶಕಾರರ ಭಾಷಣ ಮುಗಿಯುವಷ್ಟರಲ್ಲಿ ನಮ್ಮ ಬಿಳಿ ಹೋರಿ ಬಂದು ಆ ಪಟ್ಟಿ ತಿಂದು ನೀರು ಕುಡಿದು ಹೋಯಿತು. ಮನ್ಮಥಪ್ಪನವರು ಕತ್ತರಿ ಹಿಡಿದುಕೊಂಡು ಹಾಗೇ ನಿಂತಿದ್ದರು, ಪಾಪ. ಕರೆದು ಮಜ್ಜಿಗೆ ಕೊಟ್ಟೆ. ಬಾಳಮ್ಮನ ಕುರಣಕ್ಕೆ ನೀವೂ ಒಂದು ಮಾತು ಹೇಳಿ ಎಂದೆ. ಅವರು "ತಂಗಿ, ನನ್ನ ಕೈಯಾಗ ಈ ಕತ್ತರಿ ಬಿಟ್ರ ಏನೂ ಇಲ್ಲ. ಅದೂ ಸಂಜಿಕ ವಾಪಸ್ ಕೊಡಬೇಕು" ಎಂದರು. ಬಹಳ ಕನಿಕರವಾಯಿತು. ಎಲ್ಲರೂ ನಿಮ್ಮಂತಾಗಲು ಆಗುತ್ತದೆಯೇ?

ಬಕ್ಕಪ್ಪನನ್ನೇ ನಿಮ್ಮಲ್ಲಿಗೆ ಕಳಿಸಿದ್ದೇನೆ, ಇಷ್ಟೊತ್ತಿಗೆ ಉಮರ್ಗಾ ದಾಟಿರಬೇಕು. ಅವನ ಕಣ್ಣೆದುರೇ ಹುಕುಮು ಮಾಡಿ ಕಳಿಸಿ. ಅವನ ಕೈಯಲ್ಲಿ ಕಟಕು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಿದ್ದೇನೆ. ಗವರ್ನರರು ತಿನ್ನಬಹುದು ತಾನೇ?

ಕಸ್ತೂರಬಾಯಿ


ನಿಲಂಗಾ
ಭಾದ್ರಪದ ಬಹುಳ ಅಷ್ಟಮಿ

ಕಸ್ತೂರಬಾಯಿಗೆ,

ಬಕ್ಕಪ್ಪ ಬಂದಿದ್ದ. ಅವನ ಅಹವಾಲನ್ನು ಪೂರ್ತಿ ಕೇಳಿದೆ. ಎರಡನೆಯ ಹಕ್ಕನ್ನೂ ಚಲಾಯಿಸಿ ಅವನ ಬೆನ್ನು ತಟ್ಟಿದೆ. ವಿಷಯ ವಿಚಾರದಲ್ಲಿದೆ.

ಇಲ್ಲಿ ಕೆಲಸ ಬಹಳ, ಹೆಚ್ಚು ಬರೆಯಲಾರೆ. ರೊಟ್ಟಿ ಮುಟ್ಟಿತು. ಕೋಣೆಯ ಬಾಗಿಲು ಹಾಕಿಕೊಂಡು, ಆ ಟೋಪಿ ತೆಗೆದಿಟ್ಟು, ನೆಲದ ಮೇಲೆ ಕೂತು ತಿಂದೆ. ಇನ್ನು ಜನರಿಗೆ ಮಾತು ಕೊಡುವುದನ್ನು ಸ್ವಲ್ಪ ನಿಲ್ಲಿಸು.

ಮಾಣಿಕಪ್ಪ


ದಾಳಿಂಬ
ಭಾದ್ರಪದ ಅಮಾವಾಸ್ಯೆ

ಯಜಮಾನರಿಗೆ,

ಬಕ್ಕಪ್ಪ ವಾಪಸು ಬಂದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

"ಅಕ್ಕಾ, ಅಣ್ಣಾವ್ರು ಮಸ್ತ್ ಕುರ್ಚಿ ಮ್ಯಾಲ ಕುಂತಿದ್ರು. ನಾ ಎಲ್ಲಾ ಹೇಳ್ದೆ. ಅವ್ರು ಪೇಶಕಾರನ ಮಾರಿ ನೋಡಿದ್ರು. ಪೇಶಕಾರ ನೆಲಾ ನೋಡ್ದ. ಅಣ್ಣಾವ್ರು ಹತ್ತರ ಕರದು ನನ್ನ ಬೆನ್ನ ಮ್ಯಾಲ ಕೈ ಆಡಿಸಿದ್ರು, ಮಳಿಯಾಗ ತೊಯ್ದ ಕುರೀಗಿ ಆಡಿಸ್ದಂಗ. ಆಮ್ಯಾಲ ಪೇಶಕಾರ ಕೆಮ್ಮಿದ. ಅಣ್ಣಾವ್ರು ಎದ್ದು ಒಳಗ ಹೋದ್ರು. ಮತ್ತ ಅಕ್ಕಾ, ಅವ್ರ ಟೋಪಿ ಮ್ಯಾಗಿಂದು ಹುಂಜಿನ ಬಾಲ ಅದ. ಸುಣ್ಣ ಬಳದಾರ."

ಹೊರಗೆ ವೈಜಿನಾಥ ಅವನಿಗೆ ಎಲ್ಲ ಬಿಡಿಸಿ ಹೇಳಿದನಂತೆ. ಗವರ್ನರರು ಏನನ್ನೂ ಮಾಡುವವರಲ್ಲ, ಪೇಶಕಾರ ಬರೆದದ್ದಕ್ಕೆ ಮೊಹರು ಒತ್ತುವವರು. ಕುರಣದ ಹುಕುಮು ಬರೆದು ಸಿದ್ಧವಾಗಿದೆ. ದಸರೆಯ ದರಬಾರಿನಲ್ಲಿ ಎಲ್ಲರೆದುರು ನಿಮ್ಮ ಕೈಯಿಂದಲೇ ಮೊಹರು ಬೀಳುತ್ತದೆ.

ನಿಮ್ಮ ಪತ್ರಗಳನ್ನು ಮತ್ತೆ ತೆಗೆದು ಓದಿದೆ. ಎಲ್ಲರೂ ನಿಂತರು, ನಾನು ಕೂತೆ, ನಾನು ಎದ್ದೆ. ಇದರ ಹೊರತು ಏನೂ ಇಲ್ಲ. ನಾನೇ ದಡ್ಡಿ, ಬಾವಿಕಟ್ಟೆಯಲ್ಲಿ ಗಟ್ಟಿಯಾಗಿ ಓದಿದೆ.

ನಿಮಗೆ ಅಧಿಕಾರ ಇಲ್ಲವೆಂದು ನನಗೆ ಸಿಟ್ಟಿಲ್ಲ. ಮೊದಲನೆಯ ದಿನವೇ ಹೇಳಿದ್ದರೆ ಇಬ್ಬರೂ ನಕ್ಕು ಬಿಡಬಹುದಿತ್ತು. ಬಾಳಮ್ಮ ನನ್ನ ಮಾತು ನಂಬಿ ಕುರಿ ಮಾರದೆ ಉಳಿದಳು. ಈಗ ಸಂತೆಯಲ್ಲಿ ಕೇಳುವವರಿಲ್ಲ. ಇದು ತಿಳಿದ ಮೇಲೂ ಆಕೆ ನನಗೆ ಒಂದು ಮಾತು ಅನ್ನಲಿಲ್ಲ. ಬಂಡಮ್ಮನ ತಲೆ ಬಾಚಿ ಹೆಣಲು ಹಾಕಿ ಹೋದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಮೊಹರು ನಿಮ್ಮ ಕೈಯಿಂದ ಬಿದ್ದರೆ ನಾನು ಆಕೆಯ ಎದುರು ಹೇಗೆ ನಿಲ್ಲಬೇಕು?

ಇದಕ್ಕೆ ಉತ್ತರ ಬರೆಯಬೇಡಿ. ನೀವು ಚೆನ್ನಾಗಿ ಬರೆಯುತ್ತೀರಿ, ನಾನು ಮತ್ತೆ ನಂಬಿಬಿಡುತ್ತೇನೆ.

ಕಸ್ತೂರಬಾಯಿ


ನಿಲಂಗಾ
ಆಶ್ವಯುಜ ಶುದ್ಧ ಏಕಾದಶಿ

ಕಸ್ತೂರಿ,

ಉತ್ತರ ಬೇಡ ಎಂದಿದ್ದೆ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಇದು ಉತ್ತರವಲ್ಲ, ಸುದ್ದಿ.

ನಿನ್ನೆ ದಸರೆಯ ದರಬಾರು ನಡೆಯಿತು. ನಾನು ಏನನ್ನೂ ಯೋಚಿಸಿಕೊಂಡು ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಜ್ವರ ಬಂದರೆ ಸಾಕೆಂದು ಬೆಳಗಿನ ಲಿಂಗಪೂಜೆಯಲ್ಲಿ ಕೇಳಿಕೊಂಡಿದ್ದೆ. ಜ್ವರ ಬರಲಿಲ್ಲ. ಹೋಗಿ ಕೂತೆ. ಎಲ್ಲರೂ ಕೂತರು. ಅದೇ ದೇಶಮುಖರು, ಅದೇ ಸಾಹುಕಾರರು. ಜೊತೆಗೆ ನವಾಬರ ಕುದುರೆಗಳನ್ನು ನೋಡಿಕೊಳ್ಳುವ ಗುತ್ತೇದಾರ ಓಂಪ್ರಕಾಶ. ಹೊರಗೆ ಅಂಗಳದಲ್ಲಿ ಹೂರಣದ ಹೋಳಿಗೆ ಬೇಯುವ ವಾಸನೆ.

ರಾಯರು ಒಂದೊಂದೇ ಹುಕುಮು ಓದಿದರು, ನಾನು ಮೊಹರು ಒತ್ತುತ್ತ ಹೋದೆ. ಆಮೇಲೆ ಕುರಣದ್ದು ಬಂತು. ಮೊಹರಿಗೆ ಮಸಿ ಹಚ್ಚಿ ನನ್ನ ಕೈಗೆ ಕೊಟ್ಟರು. ನನ್ನ ಕೈ ಕಾಗದದ ತನಕ ಹೋಗಿ ನಿಂತುಬಿಟ್ಟಿತು.

"ರಾಯರ, ಕುರಿ ಎಲ್ಲಿ ಹೋಗಬೇಕು?" ಎಂದೆ.

"ಕುರಿ ತಮ್ಮ ವ್ಯವಸ್ಥಾ ತಾವು ಮಾಡ್ಕೋತಾವ, ಹುಜೂರ. ಒತ್ರಿ."

"ಯೋಚನಿ ಮಾಡ್ಲಾಕತ್ತೀನಿ" ಎಂದೆ.

ರಾಯರು ಕೆಮ್ಮಿದರು. ನಾನು ಏಳಲಿಲ್ಲ. ಮತ್ತೆ ಕೆಮ್ಮಿದರು. ವೈಜಿನಾಥ ಓಡಿ ಬಂದು ಅವರಿಗೆ ನೀರು ಕೊಟ್ಟ. ಇನ್ನೊಮ್ಮೆ ಜೋರಾಗಿ ಕೆಮ್ಮಿದಾಗ ಮುದುಕ ದೇಶಮುಖರು ಕಿಸೆಯಿಂದ ಜ್ಯೇಷ್ಠಮಧು ತೆಗೆದು ಅವರ ಕೈಗಿಟ್ಟರು.

ಆಗ ನನಗೆ ಹೊಳೆಯಿತು, ಕಸ್ತೂರಿ. ಇಲ್ಲ ಎನ್ನುವ ಅಧಿಕಾರ ನನಗಿಲ್ಲ. ಆದರೆ ಗವರ್ನರ ಯೋಚನೆ ಮಾಡಬಾರದೆಂದು ಎಲ್ಲಿಯೂ ಬರೆದಿಲ್ಲ. ನಾನು ಏಳುವ ತನಕ ಯಾರೂ ಏಳುವಂತಿಲ್ಲ, ಊಟಕ್ಕೆ ಹೋಗುವಂತಿಲ್ಲ, ಎಲ್ಲಿಗೂ ಹೋಗುವಂತಿಲ್ಲ. ನಾನು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಸರಿಯಾಗಿ ಕೂತುಕೊಂಡೆ.

ಮಧ್ಯಾಹ್ನವಾಯಿತು. "ಹುಜೂರ, ಹೋಳಿಗಿ ಆರ್ಲಾಕತ್ತಾವ" ಎಂದರು ರಾಯರು. ಆರಲಿ ಎಂದೆ. ಸಾಹುಕಾರನೊಬ್ಬ ನಿದ್ದೆ ಹೋಗಿ ಗೊರಕೆ ಹೊಡೆದ. ರಾಯರು ನವಾಬರ ನಿಯಮದ ಪುಸ್ತಕ ತರಿಸಿ ಹಾಳೆ ತಿರುವಿದರು. ಗವರ್ನರ ಹೇಗೆ ಕೂರಬೇಕೆಂದು ಇತ್ತು, ಎಷ್ಟು ಹೊತ್ತು ಎಂದು ಇರಲಿಲ್ಲ. ಬೆಳಿಗ್ಗೆ ಅವರು ಎರಡು ಚೊಂಬು ಮಜ್ಜಿಗೆ ಕುಡಿದಿದ್ದನ್ನು ನಾನೇ ನೋಡಿದ್ದೆ. ಈಗ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿಕೊಂಡು ಕೂತಿದ್ದರು. ಆಮೇಲೆ ಕಾಲು ಬದಲಿಸಿದರು. ಆಮೇಲೆ ಬದಲಿಸುವುದನ್ನೂ ನಿಲ್ಲಿಸಿ ಅಲುಗಾಡದೆ ಕೂತರು.

"ಹುಜೂರ, ಕೃಪಾ ಮಾಡಿ ಏಳ್ರಿ. ನನಗ ಹೊರಗ ಹೋಗಬೇಕಾಗ್ಯದ" ಎಂದು ಕಿವಿಯಲ್ಲಿ ಹೇಳಿದರು.

"ಹೋಗಿ ಬರ್ರಿ ರಾಯರ."

"ನೀವು ಕುಂತಾಗ ನಾ ಹ್ಯಾಂಗ ಏಳ್ಲಿ? ಎಲ್ಲಾ ಮಂದಿ ನೋಡ್ಲಾಕತ್ತದ! ಜಿಲೇಬಿ ದಿನ ಇವರಿಗೆಲ್ಲಾ ಎಬ್ಬಿಸಿದಾಂವ ನಾನೇ!"

ಆಗ ನಾನು ಮೂರನೆಯ ಹಕ್ಕನ್ನು ಚಲಾಯಿಸಿದೆ. ಎಲ್ಲರಿಗೂ ಕೇಳುವಂತೆ "ರಾಯರ, ಒಂದು ಎಚ್ಚರ ಹೇಳ್ತೀನಿ. ನಾ ಜ್ವಾಳದ ಹೊಲದಾಗ ಹಕ್ಕಿ ಕಾಯಾಂವ. ಮಂಚಿಗಿ ಮ್ಯಾಲ ಹತ್ತಿ ಕುಂತ್ರ ಹೊತ್ತು ಮುಳುಗಿದ ಮ್ಯಾಲೇ ಇಳಿಯಾಂವ. ಅಲ್ಲಿ ಬಿಸಲ ಇರ್ತದ, ಇಲ್ಲಿ ನೆರಳ ಅದ" ಎಂದೆ.

ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡ. ನನಗೆ ಬಹಳ ಭಯವಾಗಿತ್ತು. ಹುಟ್ಟಿದಾಗಿನಿಂದ ದೊಡ್ಡವರ ಎದುರು ಇಷ್ಟು ಹೊತ್ತು ಯಾರ ಮಾತೂ ಕೇಳದೆ ಇದ್ದವನಲ್ಲ. ಬೆವರಿಗೆ ಗರಿಗಳ ಸುಣ್ಣ ಕರಗಿ ಕಿವಿಯ ಹಿಂದೆ ಇಳಿಯುತ್ತಿತ್ತು. ಹೌದು, ಅದು ಹುಂಜದ ಬಾಲವೇ. ಎದ್ದುಬಿಡೋಣ ಎನ್ನಿಸಿದಾಗಲೆಲ್ಲ ಬಂಡಮ್ಮನ ಹೆಣಲು ಕಣ್ಣಿಗೆ ಬರುತ್ತಿತ್ತು. ಬಾಳಮ್ಮ ಏನೂ ಅನ್ನಲಿಲ್ಲ ಎಂದು ನೀನು ಬರೆದಿದ್ದೆಯಲ್ಲ, ಅದೇ ನನ್ನನ್ನು ಕುರ್ಚಿಗೆ ಕಟ್ಟಿಹಾಕಿತ್ತು.

ಕೊನೆಗೆ ಹಸಿವು ತಡೆಯಲಾರದೆ ಓಂಪ್ರಕಾಶ ಬಾಯಿ ಬಿಟ್ಟ. "ರಾಯರ, ನಾ ಮೊದಲೇ ಹೇಳಿದ್ದೆ. ಮಾಂಜ್ರಾ ನದಿ ದಂಡಿ ಮ್ಯಾಗ ಜಾಗೀರದ ಬಾಗ ಅದ. ನೀರ ಅದ, ಹಸಿ ಹುಲ್ಲ ಅದ. ಕುದುರಿ ಅಲ್ಲಿ ಬಿಡ್ರಿ. ಕುರಣದಾಗ ನೀರೇ ಇಲ್ಲ." ಆ ಬಾಗನ್ನು, ಎಂದರೆ ತೋಟವನ್ನು, ಮಾಡಿಕೊಂಡು ತಿನ್ನುತ್ತಿರುವವನು ರಾಯರ ಹೆಂಡತಿಯ ತಮ್ಮ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನಿಗೆ ಗೊತ್ತಿರಲಿಲ್ಲ. ದೇಶಮುಖರೆಲ್ಲ ಒಟ್ಟಿಗೆ "ಹೌದು ಹೌದು, ಬಾಗ ಛಲೋ" ಎಂದರು. ಅವರಿಗೆ ಕುರಿಯ ಮೇಲೆ ಪ್ರೀತಿ ಇತ್ತೆಂದು ನಾನು ಹೇಳುವುದಿಲ್ಲ. ಹೋಳಿಗೆಯ ಮೇಲಂತೂ ಇತ್ತು.

ರಾಯರು ಕೂತಲ್ಲೇ ಹೊಸ ಹುಕುಮು ಬರೆದರು. ಅಷ್ಟು ವೇಗವಾಗಿ ಬರೆದದ್ದನ್ನು ನಾನು ನೋಡಿಲ್ಲ. ಕುದುರೆಗಳು ಬಾಗಿಗೆ, ಬೀರಪ್ಪನ ಕುರಣ ಮೊದಲಿನಂತೆ ಕುರುಬರಿಗೆ. ನನಗೆ ಉರ್ದು ಬಾರದ್ದರಿಂದ ಮುದುಕ ದೇಶಮುಖರ ಕೈಯಿಂದ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿದೆ. ಮತ್ತೊಮ್ಮೆ ಓದಿಸಿದೆ. ರಾಯರು ಕಣ್ಣು ಮುಚ್ಚಿಕೊಂಡಿದ್ದರು. ಮೊಹರು ಒತ್ತಿದೆ.

ಆಮೇಲೆ ಏಳಬೇಕೆಂದರೆ ಏಳಲಾಗಲಿಲ್ಲ. ಕಾಲು ಜೋಮು ಹಿಡಿದಿತ್ತು. ವೈಜಿನಾಥ ನನ್ನ ಮೀನಖಂಡ ತಿಕ್ಕುತ್ತ ಕೂತ. ಎಲ್ಲರೂ ಕಾಯ್ದರು. ಈ ಸಲ ನಾನು ಬೇಕೆಂದು ಮಾಡಿದ್ದಲ್ಲ, ಲಿಂಗದಾಣೆ. ಆದರೆ ರಾಯರು ಅದನ್ನು ಎಂದಿಗೂ ನಂಬಲಾರರು.

ಮಾಣಿಕಪ್ಪ


ಔರಾದ ಶಹಾಜನಿ
ಆಶ್ವಯುಜ ಬಹುಳ ಷಷ್ಠಿ

ಕಸ್ತೂರಿ,

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ನನ್ನನ್ನು ತೆಗೆದುಹಾಕಿದ್ದಾರೆ.

ಹೈದರಾಬಾದಿನಿಂದ ನವಾಬರ ಕಾಗದ ಬಂತು. ಕುರಣದ ಹುಕುಮನ್ನು ಅವರು ಮುರಿದಿಲ್ಲ. ದರಬಾರಿನಲ್ಲಿ ಮೊಹರು ಬಿದ್ದದ್ದನ್ನು ರಾಜನೂ ಮುಟ್ಟುವಂತಿಲ್ಲ ಎಂಬುದು ಆಸ್ಟ್ರೇಲಿಯಾದ ಪದ್ಧತಿ ಎಂದು ಬರೆದಿದ್ದಾರೆ. ಕುದುರೆಗಳು ನದಿಯ ದಂಡೆಯಲ್ಲಿ ಚೆನ್ನಾಗಿ ಮೇಯುತ್ತಿವೆಯಂತೆ, ಅದಕ್ಕೂ ಸಂತೋಷ. ಆದರೆ ಗವರ್ನರ ಎಂದರೆ ಏನನ್ನೂ ಮಾಡದಿರುವವನು. ನಿಲಂಗಾದ ಗವರ್ನರ ಏನೋ ಒಂದು ಮಾಡಿದ್ದಾನೆ. ಆದ್ದರಿಂದ ಅವನು ಇನ್ನು ಗವರ್ನರನಲ್ಲ.

ಒಂದೇ ತೊಡಕು. ನಿಲಂಗಾ ಪ್ರಾಂತದ ಯಾವ ಹುಕುಮೂ ಗವರ್ನರನ ಮೊಹರಿಲ್ಲದೆ ನಡೆಯುವುದಿಲ್ಲವಲ್ಲ, ನನ್ನನ್ನು ತೆಗೆಯುವ ಹುಕುಮಿಗೂ ನನ್ನ ಮೊಹರೇ ಬೇಕಾಯಿತು. ಬೆಳಿಗ್ಗೆ ಕಚೇರಿಗೆ ಕರೆದರು. ಒಳಗೆ ಹೋಗಿ ನೋಡಿದರೆ ಕುರ್ಚಿ ಇಲ್ಲ. ಬೆಂಚಿಲ್ಲ. ಜಮಖಾನೆ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಕೂಡ ನೀರಿನ ಕೊಡಗಳನ್ನು ಸಾಲಾಗಿ ಇಟ್ಟುಬಿಟ್ಟಿದ್ದರು. ರಾಯರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು "ಹುಜೂರ, ದಯಮಾಡಿ ನಿಂತೇ ಒತ್ರಿ" ಎಂದರು. ನಿಂತೇ ಒತ್ತಿದೆ. ವೈಜಿನಾಥ ಬಾಗಿಲ ತನಕ ಬಂದು, ಯಾರೂ ಹೇಳದಿದ್ದರೂ ಒಮ್ಮೆ ಕೋಲು ಬಡಿದ.

ಗಾಡಿ ಹೂಡಿಕೊಂಡು ಹೊರಟವನು ಔರಾದದ ತನಕ ಬಂದು ಧರ್ಮಶಾಲೆಯಲ್ಲಿ ನಿಂತಿದ್ದೇನೆ. ಮುಂದೆ ಬರಲು ನಾಚಿಕೆಯಾಗುತ್ತಿದೆ. ಹೋಗುವಾಗ ಊರೇ ಕಳಿಸಿಕೊಡಲು ಬಂದಿತ್ತು. ಈಗ ರಂಭಾಬಾಯಿ ಬಾವಿಕಟ್ಟೆಯಲ್ಲಿ ಏನೆಂದಾಳು? ನನಗಾದರೆ ಸರಿ, ನಿನಗೆ ಅವಳು ಅಂದರೆ ನಾನು ತಾಳಲಾರೆ. ಮೊದಲ ಪತ್ರದಲ್ಲಿ ನಿನ್ನ ಮುಂದೆ ಅಷ್ಟು ಮೆರೆದವನು ನಾನು. ಈ ಪತ್ರ ತರುತ್ತಿರುವ ಬೀರಣ್ಣ ಬಾಳಮ್ಮನ ಕಡೆಯವನೇ. ಅವನು ನಿನ್ನ ಉತ್ತರ ತಂದ ಮೇಲೆ ಏನು ಮಾಡಬೇಕೆಂದು ನೋಡುತ್ತೇನೆ.

ಮಾಣಿಕಪ್ಪ


ದಾಳಿಂಬ
ಆಶ್ವಯುಜ ಬಹುಳ ನವಮಿ

ಯಜಮಾನರಿಗೆ ಕಸ್ತೂರಬಾಯಿಯ ಶರಣು.

ಬೀರಣ್ಣ ಅಂಗಳದಲ್ಲಿ ಮಜ್ಜಿಗೆ ಕುಡಿಯುತ್ತಿದ್ದಾನೆ. ಅವನು ಚೊಂಬು ಇಳಿಸುವಷ್ಟರಲ್ಲಿ ಬರೆದು ಮುಗಿಸಬೇಕು.

ದಸರೆಯ ಸುದ್ದಿ ನಿಮ್ಮ ಪತ್ರಕ್ಕಿಂತ ಮೊದಲೇ ಕುರಿ ಕಾಯುವವರ ಬಾಯಿಂದ ಬಂದಿತ್ತು. ಬಾಳಮ್ಮ ಓಡಿ ಬಂದು "ಅಕ್ಕಾ, ಅಣ್ಣಾವ್ರು ಏನ್ ಮಾಡಿದ್ರಂತ?" ಎಂದು ಕೇಳಿದಳು. "ಕುಂತ್ರಂತ" ಎಂದೆ. "ಮತ್ತ?" ಎಂದಳು. "ಮತ್ತ ಏನಿಲ್ಲ. ಏಳಲಿಲ್ಲಂತ" ಎಂದೆ. ಆಕೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ನಮ್ಮ ನಾಯಿನೂ ದೊಡ್ಡಿ ಬಾಗಲಾಗ ಹಿಂಗೇ ಕುಂಡ್ರತದ ಅಕ್ಕಾ, ತ್ವಾಳ ಒಳಗ ಬರಂಗಿಲ್ಲ" ಎಂದಳು. ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹಿಂದಿನ ಪತ್ರದಲ್ಲಿ ಅಂಥ ಮಾತುಗಳನ್ನು ಬರೆದೆನಲ್ಲ ಎಂದು ಅತ್ತೆ, ಇಂಥ ಗಂಡ ನನಗಿದ್ದಾನಲ್ಲ ಎಂದೂ ಅತ್ತೆ. ಎರಡೂ ಒಟ್ಟಿಗೆ ಬಂತು.

ಬಾಳಮ್ಮನ ಕುರಿಗಳು ಈಗ ನಮ್ಮ ಕೆಳಗಿನ ಹೊಲದಲ್ಲಿ ಬೀಡು ಬಿಟ್ಟಿವೆ. ಗೊಬ್ಬರಕ್ಕೆ ಈ ವರ್ಷ ಏನೂ ಬೇಡ ಎಂದಿದ್ದಾಳೆ. ನಾನು ಒಪ್ಪಿಲ್ಲ, ಜಗಳ ನಡೆದಿದೆ.

ರಂಭಾಬಾಯಿಯ ಚಿಂತೆ ಬಿಡಿ. ನಿನ್ನೆ ಅವಳಾಗಿಯೇ ಬಂದು "ನಿಮ್ಮವರಿಗೆ ಕಚೇರಿಂದ ತೆಗದ್ರಂತಲ್ಲ?" ಎಂದು ಸವಿ ಸವಿಯಾಗಿ ಕೇಳಿದಳು. ಸುದ್ದಿ ಅವಳಿಗೆ ಹೇಗೆ ಮುಟ್ಟಿತೋ, ನನಗಂತೂ ಆಗ ಗೊತ್ತೇ ಇರಲಿಲ್ಲ. ಆದರೂ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ತೆಗದಾರಂತ ಯಾರ್ ಅಂದ್ರು? ಜ್ವಾಳ ಬಿತ್ತೋ ಹೊತ್ತು ಬಂತು, ಸಾಕು ಬರ್ರಿ ಅಂತ ನಾನೇ ಕರಸೀನಿ" ಎಂದೆ. ಬಾವಿಯ ಹತ್ತಿರ ಮತ್ತೆ ಊರೆಲ್ಲ ಇತ್ತು, ಮತ್ತೆ ಎಲ್ಲರೂ ಕೇಳಿಸಿಕೊಂಡಿದ್ದಾರೆ. ನೀವು ಬೇಡವೆಂದರೂ ನಾನು ಇನ್ನೊಂದು ಮಾತು ಕೊಟ್ಟಂತಾಯಿತು.

ಅದು ಸುಳ್ಳಾಗಬಾರದೆಂದು ಈ ಪತ್ರದಲ್ಲಿ ಕರೆಯುತ್ತಿದ್ದೇನೆ. ಮನೆಗೆ ಬನ್ನಿ.

ಕಸ್ತೂರಬಾಯಿ